ಡಿಸ್ಕ್ ಮೊದಲು, ಸರ್ವರ್ ಆಮೇಲೆ

ಒಂದೇ ಯಂತ್ರದಲ್ಲಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು, ಹಲವು ಯಂತ್ರಗಳಲ್ಲಿ ಹಂಚಿಕೊಂಡು ಓಡುವ ಕಾಕ್ರೋಚ್‌ಡಿಬಿ ಎಂಬ ಡೇಟಾಬೇಸಿಗೆ ಸಾಗಿಸುವುದೆಂದು ತೀರ್ಮಾನವಾದ ಮೇಲೆ ಉಳಿದದ್ದು ಒಂದು ಸಣ್ಣ ಕೆಲಸದಂತೆ ಕಾಣುತ್ತಿತ್ತು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ (ಅಲ್ಲಿನ ಡೇಟಾ ಸೆಂಟರ್‌ಗಳ ಸಮೂಹ) ಯಾವ ಸರ್ವರ್, ಎಷ್ಟು ಸರ್ವರ್, ಯಾವ ಡಿಸ್ಕ್ ಎಂದು ಬರೆದುಕೊಟ್ಟರೆ ಮುಗಿಯಿತು. ಪಟ್ಟಿ ತೆರೆದರೆ ನೂರಾರು ಮಾದರಿಗಳು. ಸಿಪಿಯು, ಮೆಮೊರಿ ನೋಡಿ ಒಂದನ್ನು ಆರಿಸಿ, ಕೊನೆಯಲ್ಲಿ ಡಿಸ್ಕ್ ಗಾತ್ರದ ಖಾನೆಗೆ ಒಂದು ಸಂಖ್ಯೆ ತುಂಬುವುದು ರೂಢಿ. ವಿತರಿತ ಡೇಟಾಬೇಸಿನ ವಿಷಯದಲ್ಲಿ ಈ ಕ್ರಮ ತಲೆಕೆಳಗು. ನಾವು ಡಿಸ್ಕಿನಿಂದ ಶುರುಮಾಡಿ ಸರ್ವರಿನ ಕಡೆಗೆ ಬಂದೆವು. ಆ ದಾರಿಯ ಲೆಕ್ಕಗಳು ಇಲ್ಲಿವೆ.

ಡಿಸ್ಕಿನಿಂದಲೇ ಏಕೆ? ಕಾಕ್ರೋಚ್‌ಡಿಬಿ ದತ್ತಾಂಶವನ್ನು ರೇಂಜ್ ಎಂಬ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ರೇಂಜಿಗೂ ಸಾಮಾನ್ಯವಾಗಿ ಮೂರು ಪ್ರತಿಗಳು, ಅವುಗಳ ನಡುವೆ ರಾಫ್ಟ್ ಒಪ್ಪಂದ, ಅಂದರೆ ಬಹುಮತದಿಂದ ತೀರ್ಮಾನಿಸುವ ನಿಯಮ; ಪ್ರತಿಗಳಲ್ಲಿ ಒಂದು ಮುಂದಾಳು, ಉಳಿದವು ಹಿಂಬಾಲಕರು. ಒಂದು ಬರಹ ಆಯಿತು ಎನ್ನಬೇಕಾದರೆ ಮೂರರಲ್ಲಿ ಎರಡು ಪ್ರತಿಗಳಾದರೂ ಅದನ್ನು ಡಿಸ್ಕಿಗೆ ಗಟ್ಟಿಯಾಗಿ ಬರೆದು, ಎಫ್‌ಸಿಂಕ್ (ಬರಹ ನಿಜಕ್ಕೂ ಡಿಸ್ಕ್ ಸೇರಿತೆಂದು ಖಚಿತಪಡಿಸುವ ಕರೆ) ಮುಗಿಸಿ, ಹೂಂ ಅನ್ನಬೇಕು. ನಿಧಾನದ ಡಿಸ್ಕ್ ಹಿಂಬಾಲಕ ಪ್ರತಿಯದಾದರೆ ಉಳಿದೆರಡು ಪ್ರತಿಗಳು ಆ ನಿಧಾನವನ್ನು ಮುಚ್ಚಿಹಾಕುತ್ತವೆ. ಆದರೆ ಆರು ನೋಡ್‌ಗಳ, ಅಂದರೆ ಆರು ಸರ್ವರ್‌ಗಳ, ಕ್ಲಸ್ಟರ್‌ನಲ್ಲಿ ಪ್ರತಿ ನೋಡ್ ಸುಮಾರು ಆರನೇ ಒಂದು ಭಾಗ ರೇಂಜುಗಳಿಗೆ ತಾನೇ ಮುಂದಾಳು. ಅದರ ಡಿಸ್ಕ್ ಕುಂಟಿದರೆ ಆ ಆರನೇ ಒಂದು ಭಾಗದ ಬರಹಗಳೂ ಕುಂಟುತ್ತವೆ. ಒಂದು ವಹಿವಾಟು ನಾಲ್ಕೈದು ರೇಂಜುಗಳನ್ನು ಮುಟ್ಟುವುದಾದರೆ ಆ ನೋಡ್‌ಗೆ ಸಿಕ್ಕಿಬೀಳುವ ಸಾಧ್ಯತೆ ಇನ್ನೂ ಹೆಚ್ಚು. ಸರಾಸರಿ ಲೇಟೆನ್ಸಿ (ಉತ್ತರಕ್ಕೆ ಕಾಯುವ ಹೊತ್ತು) ಚೆನ್ನಾಗಿಯೇ ಕಾಣುತ್ತದೆ, ನೂರರಲ್ಲಿ 99 ಎಷ್ಟು ಹೊತ್ತಿನೊಳಗೆ ಮುಗಿಯುತ್ತವೆ ಎಂಬ ಪಿ99 ಮಾತ್ರ ಹಾಳಾಗಿರುತ್ತದೆ. ಜಿರಳೆಯ ಹೆಸರಿಟ್ಟುಕೊಂಡ ಡೇಟಾಬೇಸ್ ಸುಲಭಕ್ಕೆ ಸಾಯುವುದಿಲ್ಲ ನಿಜ, ಆದರೆ ಕುಂಟುವುದಕ್ಕೆ ಒಂದು ಕೆಟ್ಟ ಡಿಸ್ಕ್ ಸಾಕು.

ಮೊದಲು ಗಾತ್ರ. ಒಂದು ಪ್ರತಿಯ ಲೆಕ್ಕದಲ್ಲಿ 600 ಜಿಬಿ ದತ್ತಾಂಶ ಎಂದು ಹಿಡಿದೆವು. ಮೂರು ಪ್ರತಿಗೆ 1,800 ಜಿಬಿ. ಮುಂಬೈ ರೀಜನ್ 2016ರಲ್ಲಿ ಎರಡೇ ಝೋನ್‌ಗಳೊಂದಿಗೆ (ಒಂದು ಬಿದ್ದರೂ ಇನ್ನೊಂದು ನಿಲ್ಲುವಂತೆ ಬೇರೆ ಬೇರೆ ಇಟ್ಟ ಡೇಟಾ ಸೆಂಟರ್‌ಗಳು) ಆರಂಭವಾಗಿತ್ತು, ಮೂರನೆಯದು 2019ರಲ್ಲಿ ಸೇರಿತು. ರಾಫ್ಟ್‌ಗೆ ಈ ಮೂರನೆಯದೇ ಮುಖ್ಯ. ಎರಡೇ ಝೋನ್ ಇದ್ದರೆ ಮೂರರಲ್ಲಿ ಎರಡು ಪ್ರತಿಗಳು ಒಂದೇ ಕಡೆ ಕೂರಲೇಬೇಕು, ಆ ಝೋನ್ ಬಿದ್ದರೆ ಬಹುಮತವೂ ಹೋಗುತ್ತದೆ. ಇದೇ ಕಾರಣಕ್ಕೆ 2022ರಲ್ಲಿ ತೆರೆದ ಹೈದರಾಬಾದ್ ರೀಜನ್ ಬ್ಯಾಕಪ್ ಇಡಲು ಒಳ್ಳೆಯ ಜಾಗವಾದರೂ, ಮುಂಬೈ ಮತ್ತು ಹೈದರಾಬಾದ್ ಎರಡನ್ನೇ ಜೋಡಿಸಿ ರೀಜನ್ ಬಿದ್ದರೂ ನಿಲ್ಲದ ಕ್ಲಸ್ಟರ್ ಕಟ್ಟಲಾಗದು.

ಝೋನಿಗೊಂದರಂತೆ ಮೂರು ನೋಡ್ ಇಟ್ಟರೆ ತಲಾ 600 ಜಿಬಿ. ಕೆಲಸ ನಡೆಯುತ್ತದೆ, ಆದರೆ ಒಂದು ನೋಡ್ ಹೋದರೆ ಮೂರನೆಯ ಪ್ರತಿಯನ್ನು ಕಟ್ಟಲು ಜಾಗವೇ ಇಲ್ಲ. ಆವೃತ್ತಿ ಬದಲಿಸಲು ಒಂದನ್ನು ನಿಲ್ಲಿಸಿದ ಹೊತ್ತಿನಲ್ಲಿ ಇನ್ನೊಂದು ಕೈಕೊಟ್ಟರೆ ಎಲ್ಲವೂ ನಿಂತುಹೋಗುತ್ತದೆ. ಹಾಗಾಗಿ ಝೋನಿಗೆ ಎರಡರಂತೆ ಆರು ನೋಡ್, ತಲಾ 300 ಜಿಬಿ.

ಇಲ್ಲಿ ಬಹಳಷ್ಟು ಲೆಕ್ಕಗಳು ತಪ್ಪುತ್ತವೆ. ಆರರಲ್ಲಿ ಒಂದು ಹೋದರೆ ಅದರ 300 ಜಿಬಿ ಉಳಿದ ಐದಕ್ಕೆ ಹಂಚಿಹೋಗಿ ತಲಾ 360 ಆಗುತ್ತದೆ ಎಂದು ಬರೆದುಬಿಡುತ್ತಾರೆ. ಝೋನ್ ಯಾವುದೆಂದು ಲೊಕ್ಯಾಲಿಟಿ ಎಂಬ ಸೆಟ್ಟಿಂಗ್ ಮೂಲಕ ಡೇಟಾಬೇಸಿಗೆ ತಿಳಿಸಿದ್ದರೆ ಹಾಗಾಗುವುದಿಲ್ಲ. ಒಂದು ಝೋನಿನಲ್ಲಿ ಒಂದೇ ಪ್ರತಿ ಇರಲಿ ಎಂಬುದೇ ಅದರ ಮೊದಲ ಆದ್ಯತೆ. ಬಿದ್ದ ನೋಡಿನ ಪ್ರತಿಗಳು ಬಹುಪಾಲು ಅದೇ ಝೋನಿನ ಜೋಡಿ ನೋಡ್ ಮೇಲೆ ಬೀಳುತ್ತವೆ. 300 ಇದ್ದದ್ದು 600 ಆಗುತ್ತದೆ. ಡಿಸ್ಕ್ 500 ಜಿಬಿಯದಾಗಿದ್ದರೆ ಒಂದು ನೋಡಿನ ಸಾವು ಇನ್ನೊಂದರ ಡಿಸ್ಕನ್ನು ತುಂಬಿಸಿಬಿಡುತ್ತದೆ. ಆದ್ದರಿಂದ 600 ಜಿಬಿಯೇ ತುಂಬಿದ ಸ್ಥಿತಿ ಎಂದು ಹಿಡಿದು, ಅದು ಡಿಸ್ಕಿನ 60 ಶೇಕಡಾ ಮೀರದಂತೆ 1,000 ಜಿಬಿ ಇಟ್ಟೆವು. ಉಳಿದ ಜಾಗ ದಂಡವಲ್ಲ. ಕಂಪ್ಯಾಕ್ಷನ್, ಅಂದರೆ ಕಡತಗಳನ್ನು ಬೆರೆಸಿ ಹೊಸದಾಗಿ ಬರೆಯುವ ಕೆಲಸ, ನಡೆಯುವಾಗ ಹಳೆಯ ಮತ್ತು ಹೊಸ ಕಡತಗಳು ಒಟ್ಟಿಗೇ ಇರುತ್ತವೆ, ಅದಕ್ಕೂ ಜಾಗ ಬೇಕು. ಝೋನಿಗೆ ಮೂರರಂತೆ ಒಂಬತ್ತು ನೋಡ್ ಇದ್ದರೆ ತಲಾ 200 ಜಿಬಿ, ಒಂದು ಹೋದರೆ ಜೊತೆಯವು ಎರಡು ತಲಾ 300ಕ್ಕೆ ಏರುತ್ತವೆ. ಚಿಕ್ಕ ಡಿಸ್ಕ್ ಸಾಕು, ನೋಡಿಕೊಳ್ಳಬೇಕಾದ ಯಂತ್ರಗಳು ಮಾತ್ರ ಹೆಚ್ಚು.

ಗಾತ್ರ ಸಿಕ್ಕ ಮೇಲೆ ವೇಗ. ಕಾಕ್ರೋಚ್‌ಡಿಬಿಯ ಶಿಫಾರಸು ಪ್ರತಿ ವಿಸಿಪಿಯುಗೆ (ಸರ್ವರಿನ ವರ್ಚುವಲ್ ಸಿಪಿಯು) 500 ಐಒಪಿಎಸ್ (ಸೆಕೆಂಡಿಗೆ ಅಷ್ಟು ಸಲ ಓದು-ಬರಹ), ಸೆಕೆಂಡಿಗೆ 30 ಎಂಬಿ. 8 ವಿಸಿಪಿಯು ನೋಡ್‌ಗೆ 4,000 ಐಒಪಿಎಸ್, 240 ಎಂಬಿ. ಎರಡನೆಯ ಸಂಖ್ಯೆ ಹಲವರಿಗೆ ಅತಿಯೆನಿಸುತ್ತದೆ, ‘ನಮ್ಮ ಆ್ಯಪ್ ಸೆಕೆಂಡಿಗೆ 5 ಎಂಬಿಯೂ ಬರೆಯುವುದಿಲ್ಲ’ ಎನ್ನುತ್ತಾರೆ. ಆ್ಯಪ್ ಬರೆಯುವುದು ಬೇರೆ, ಡಿಸ್ಕ್ ಬರೆಯುವುದು ಬೇರೆ. ಅದೇ ಸಾಲು ಮೊದಲು ರಾಫ್ಟ್ ಲಾಗ್‌ಗೆ, ಆಮೇಲೆ ದತ್ತಾಂಶವನ್ನು ಹಂತಗಳಾಗಿ ಇಡುವ ಎಲ್‌ಎಸ್‌ಎಂ ಮರದ ಮೇಲಿನ ಹಂತಕ್ಕೆ, ಅಲ್ಲಿಂದ ಕಂಪ್ಯಾಕ್ಷನ್ ಆಗುತ್ತಾ ಹಂತ ಹಂತವಾಗಿ ಕೆಳಕ್ಕೆ ಮತ್ತೆ ಮತ್ತೆ ಬರೆಯಲ್ಪಡುತ್ತದೆ. ಇಂಡೆಕ್ಸ್‌ಗಳಿದ್ದರೆ ಪ್ರತಿಯೊಂದಕ್ಕೂ ಇದೇ ಪಯಣ. ಹತ್ತು ಪಟ್ಟು ಹಿಗ್ಗುವುದು ಅಪರೂಪವೇನಲ್ಲ.

ಈಗ ಇಬಿಎಸ್ ವಾಲ್ಯೂಮ್‌ಗಳು, ಅಂದರೆ ಎಡಬ್ಲ್ಯೂಎಸ್ ಬಾಡಿಗೆಗೆ ಕೊಡುವ ಡಿಸ್ಕುಗಳು; ಜಿಪಿ2, ಜಿಪಿ3, ಐಒ2 ಅವುಗಳ ಬಗೆಗಳು. ಹಳೆಯ ಜಿಪಿ2 ಇನ್ನೂ ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ ಕೂತಿದೆ. ಅದರಲ್ಲಿ ಐಒಪಿಎಸ್ ಗಾತ್ರಕ್ಕೆ ಅಂಟಿಕೊಂಡಿದೆ, ಜಿಬಿಗೆ 3. ಚಿಕ್ಕ ವಾಲ್ಯೂಮ್‌ಗಳು ಕೂಡಿಟ್ಟ ಕ್ರೆಡಿಟ್ ಖರ್ಚು ಮಾಡಿ ಸ್ವಲ್ಪ ಹೊತ್ತು 3,000ದವರೆಗೆ ಏರಬಲ್ಲವು. ತುಂಬಿದ ಬಕೆಟ್‌ನಲ್ಲಿ 54 ಲಕ್ಷ ಕ್ರೆಡಿಟ್. ನಮ್ಮೂರ ಮನೆಗಳ ಮೇಲಿನ ನೀರಿನ ತೊಟ್ಟಿಯ ಹಾಗೆಯೇ ಇದು: ತೊಟ್ಟಿ ತುಂಬಿದ್ದಾಗ ನಲ್ಲಿ ಜೋರು, ಬರಿದಾದ ಮೇಲೆ ಬೀದಿಯ ಕೊಳಾಯಿಯಲ್ಲಿ ಬಂದಷ್ಟೇ. 500 ಜಿಬಿ ಜಿಪಿ2 ತೆಗೆದುಕೊಳ್ಳಿ. ಮೂಲ ವೇಗ 1,500. 3,000ದಲ್ಲಿ ಓಡಿಸಿದರೆ ಸೆಕೆಂಡಿಗೆ 1,500 ಕ್ರೆಡಿಟ್ ಕರಗುತ್ತದೆ, 3,600 ಸೆಕೆಂಡಿಗೆ ಬಕೆಟ್ ಖಾಲಿ. ಸರಿಯಾಗಿ ಒಂದು ಗಂಟೆ. 100 ಜಿಬಿಯದಾದರೆ ಮೂಲ ವೇಗ 300, ಸೆಕೆಂಡಿಗೆ 2,700 ಕರಗಿ 33 ನಿಮಿಷಕ್ಕೆ ಮುಗಿಯುತ್ತದೆ. ಇಪ್ಪತ್ತು ನಿಮಿಷದ ಬೆಂಚ್‌ಮಾರ್ಕ್ ಈ ಎರಡನ್ನೂ ಪಾಸು ಮಾಡಿಸುತ್ತದೆ. ತಿಂಗಳ ಕೊನೆಯ ದಿನ, ಇಡೀ ಮಧ್ಯಾಹ್ನ ಲೋಡ್ ಇಳಿಯದಿದ್ದಾಗ ನಿಜ ಬಯಲಾಗುತ್ತದೆ.

2020ರ ಡಿಸೆಂಬರ್‌ನಲ್ಲಿ ಬಂದ ಜಿಪಿ3 ಈ ಅಂಟನ್ನು ಬಿಡಿಸಿತು. ಗಾತ್ರ ಎಷ್ಟೇ ಇರಲಿ 3,000 ಐಒಪಿಎಸ್, ಸೆಕೆಂಡಿಗೆ 125 ಎಂಐಬಿ (ಎಂಬಿಗಿಂತ ಸುಮಾರು 5 ಶೇಕಡಾ ದೊಡ್ಡದು) ಬೆಲೆಯಲ್ಲೇ ಸೇರಿದೆ. ಹೆಚ್ಚು ಬೇಕಾದರೆ ಐಒಪಿಎಸ್ ಮತ್ತು ಥ್ರೂಪುಟ್ (ಸೆಕೆಂಡಿಗೆ ಸಾಗುವ ಎಂಬಿ) ಎರಡನ್ನೂ ಬೇರೆ ಬೇರೆಯಾಗಿ ಕೊಳ್ಳಬಹುದು. ಕ್ರೆಡಿಟ್ ಖರ್ಚು ಮಾಡಿ ಏರುವ ಬರ್ಸ್ಟ್ ಎಂಬ ಮಾತೇ ಇಲ್ಲ. ಉತ್ತರ ವರ್ಜೀನಿಯಾದ ಪಟ್ಟಿ ದರದಲ್ಲಿ ಲೆಕ್ಕ ಹಾಕೋಣ. ಮುಂಬೈ ದರ ಬೇರೆ, ಆದರೆ ಹೋಲಿಕೆಗೆ ಇದು ಸಾಕು. ಜಿಪಿ3 ತಿಂಗಳಿಗೆ ಜಿಬಿಗೆ 8 ಸೆಂಟ್, 1,000 ಜಿಬಿಗೆ 80 ಡಾಲರ್. ಮೇಲಿನ 1,000 ಐಒಪಿಎಸ್‌ಗೆ 5 ಡಾಲರ್, ಮೇಲಿನ 125 ಎಂಬಿ ಥ್ರೂಪುಟ್‌ಗೆ 5 ಡಾಲರ್. ಒಟ್ಟು 90. ಜಿಪಿ2ರಲ್ಲಿ 4,000 ಐಒಪಿಎಸ್ ಸ್ಥಿರವಾಗಿ ಬೇಕಾದರೆ 1,334 ಜಿಬಿ ಕೊಳ್ಳಬೇಕು, 133 ಡಾಲರ್. ಐಒ2ರಲ್ಲಿ 1,000 ಜಿಬಿಗೆ 125, 4,000 ಐಒಪಿಎಸ್‌ಗೆ 260, ಒಟ್ಟು 385. ಜಿಪಿ3ರ ಪೂರ್ವನಿಗದಿಯನ್ನು ಹಾಗೇ ಬಿಡುವುದು ತೀರಾ ಸಾಮಾನ್ಯ ತಪ್ಪು. ಐಒಪಿಎಸ್ ಏರಿಸುತ್ತಾರೆ, 125 ಎಂಐಬಿಯನ್ನು ಮರೆಯುತ್ತಾರೆ, ಕಂಪ್ಯಾಕ್ಷನ್ ಹೋಗಿ ಅಲ್ಲಿ ಡಿಕ್ಕಿ ಹೊಡೆಯುತ್ತದೆ. ಉಳಿಸಿದ್ದು ಐದು ಡಾಲರ್.

ಐಒ2ಗೆ 385 ಕೊಡುವುದು ಯಾವಾಗ ಸರಿ? ಅದರ ಬ್ಲಾಕ್ ಎಕ್ಸ್‌ಪ್ರೆಸ್ ಎಂಬ ವೇಗದ ರೂಪ ಸರಾಸರಿಯಲ್ಲಿ ಒಂದು ಮಿಲಿಸೆಕೆಂಡಿಗೂ ಕಡಿಮೆ ಲೇಟೆನ್ಸಿ ಕೊಡುತ್ತದೆ, ಬಾಳಿಕೆ (ವರ್ಷವಿಡೀ ಡಿಸ್ಕ್ ಕೆಡದೆ ಉಳಿಯುವ ಸಾಧ್ಯತೆ) 99.999 ಶೇಕಡಾ. ಜಿಪಿ3ಕ್ಕೆ ಹೇಳುವುದು 99.8ರಿಂದ 99.9. ಒಂಟಿ ಪೋಸ್ಟ್‌ಗ್ರೆಸ್‌ಗೆ ಆ ಬಾಳಿಕೆ ದೊಡ್ಡ ಮಾತು. ಮೂರು ಪ್ರತಿ ಇಟ್ಟುಕೊಂಡಿರುವ ಡೇಟಾಬೇಸಿಗೆ ಅದು ಒಂದೇ ಬೀಗಕ್ಕೆ ಎರಡನೇ ಸಲ ದುಡ್ಡು ಕೊಟ್ಟಂತೆ. ಲೇಟೆನ್ಸಿಗಾಗಿ ಮಾತ್ರ ಅದನ್ನು ನೋಡುವುದಾದರೆ ಸ್ಥಳೀಯ ಎನ್‌ವಿಎಂಇ (ಯಂತ್ರದೊಳಗೇ ಕೂತ ವೇಗದ ಡಿಸ್ಕ್) ಇರುವ ಯಂತ್ರಗಳನ್ನು ಮೊದಲು ನೋಡುವುದು ಒಳ್ಳೆಯದು.

ಆ ಲೆಕ್ಕ ಹೀಗಿದೆ. ಎಂ6ಐ.2ಎಕ್ಸ್‌ಲಾರ್ಜ್ ಎಂಬ ಸರ್ವರ್ ಮಾದರಿ, 8 ವಿಸಿಪಿಯು, 32 ಜಿಐಬಿ ಮೆಮೊರಿ, ಗಂಟೆಗೆ 38.4 ಸೆಂಟ್, ತಿಂಗಳಿಗೆ 280 ಡಾಲರ್. ಜಿಪಿ3 ಸೇರಿದರೆ 370, ಐಒ2 ಸೇರಿದರೆ 665. ಐ4ಐ.2ಎಕ್ಸ್‌ಲಾರ್ಜ್, 8 ವಿಸಿಪಿಯು, 64 ಜಿಐಬಿ, ಒಳಗೇ 1,875 ಜಿಬಿ ಎನ್‌ವಿಎಂಇ, ಗಂಟೆಗೆ 68.6 ಸೆಂಟ್, ತಿಂಗಳಿಗೆ ಸುಮಾರು 500. ಐ4ಐ ನಡುವೆ ಬಂದು ಕೂರುತ್ತದೆ, ಮೆಮೊರಿಯೂ ಇಮ್ಮಡಿ.

ಹಾಗಾದರೆ ಅದನ್ನೇ ಏಕೆ ತೆಗೆದುಕೊಳ್ಳಲಿಲ್ಲ? ಸ್ಥಳೀಯ ಡಿಸ್ಕ್ ರೀಬೂಟ್ ತಾಳಿಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸಿ ಮತ್ತೆ ಹಚ್ಚಿದರೆ, ಅಥವಾ ಕೆಳಗಿನ ಹಾರ್ಡ್‌ವೇರ್ ಕೆಟ್ಟರೆ, ದತ್ತಾಂಶ ಹೋಯಿತು. ಇಬಿಎಸ್ ನೋಡ್‌ನಲ್ಲಿ ಯಂತ್ರದ ಮಾದರಿ ಬದಲಿಸುವುದೆಂದರೆ ನಿಲ್ಲಿಸು, ಹೆಸರು ಬದಲಿಸು, ಹಚ್ಚು, ಕೆಲವೇ ನಿಮಿಷ. ಎನ್‌ವಿಎಂಇ ನೋಡ್‌ನಲ್ಲಿ ಅದೇ ಕೆಲಸಕ್ಕೆ 300 ಜಿಬಿಯನ್ನು ಜಾಲದ ಮೇಲೆ ಮತ್ತೆ ತುಂಬಿಸಬೇಕು. ಕಾಕ್ರೋಚ್‌ಡಿಬಿಯಲ್ಲಿ ಪ್ರತಿಗಳನ್ನು ಸಾಗಿಸುವ ಪೂರ್ವನಿಗದಿತ ವೇಗ ಸೆಕೆಂಡಿಗೆ 32 ಎಂಐಬಿ. ಆ ವೇಗದಲ್ಲಿ ಒಂದೇ ನೋಡ್ 300 ಜಿಐಬಿ ಪಡೆಯಲು 9,600 ಸೆಕೆಂಡು, ಅಂದರೆ 2 ಗಂಟೆ 40 ನಿಮಿಷ. ಅಷ್ಟು ಹೊತ್ತು ಆ ರೇಂಜುಗಳಿಗೆ ಎರಡೇ ಪ್ರತಿ. ವೇಗದ ಮಿತಿ ಏರಿಸಬಹುದು, ಏರಿಸಿದಷ್ಟೂ ಗ್ರಾಹಕರ ಪ್ರಶ್ನೆಗಳು ನಿಧಾನವಾಗುತ್ತವೆ. ರಾತ್ರಿ ಪಾಳಿಯಲ್ಲಿ ಇದನ್ನು ನೋಡಿಕೊಳ್ಳಲು ದೊಡ್ಡ ತಂಡ ಇದ್ದರೆ ಐ4ಐ ಉತ್ತಮ. ನಮ್ಮ ಗಾತ್ರಕ್ಕೆ ಜಿಪಿ3 ಸಾಕೆನಿಸಿತು. ಕ್ಯಾಸ್ಸಾಂಡ್ರಾ ಎಂಬ ಇನ್ನೊಂದು ವಿತರಿತ ಡೇಟಾಬೇಸ್ ಆಗಿದ್ದರೆ ತೀರ್ಪು ಬೇರೆಯಾಗುತ್ತಿತ್ತೇನೋ. ಅದರ ಕಮಿಟ್ ಲಾಗ್ ಪೂರ್ವನಿಗದಿಯಲ್ಲಿ 10 ಸೆಕೆಂಡಿಗೊಮ್ಮೆ ಮಾತ್ರ ಡಿಸ್ಕಿಗೆ ಸಿಂಕ್ ಆಗುತ್ತದೆ, ಪ್ರತಿ ಬರಹವೂ ಎಫ್‌ಸಿಂಕ್‌ಗೆ ಕಾಯುವುದಿಲ್ಲ.

ಡಿಸ್ಕ್ ಗೊತ್ತಾದ ಮೇಲೆ ಸರ್ವರ್. ಇಬಿಎಸ್ ಎಂದರೆ ಜಾಲದಾಚೆ ಇರುವ ಡಿಸ್ಕ್, ಅದಕ್ಕೆ ಹೋಗುವ ಪೈಪು ಸರ್ವರಿನದು. ವಾಲ್ಯೂಮಿನ ಮಿತಿ, ಸರ್ವರಿನ ಮಿತಿ, ಎರಡರಲ್ಲಿ ಚಿಕ್ಕದೇ ನಿಮಗೆ ಸಿಗುವುದು. ಎಂ6ಐ.2ಎಕ್ಸ್‌ಲಾರ್ಜ್‌ನ ಪಟ್ಟಿಯಲ್ಲಿ ಇಬಿಎಸ್ ವೇಗ ‘10 ಗಿಗಾಬಿಟ್‌ವರೆಗೆ’ ಎಂದಿರುತ್ತದೆ. ಆ ‘ವರೆಗೆ’ ಎಂಬ ಪದದಲ್ಲೇ ಎಲ್ಲವೂ ಇದೆ. ಸ್ಥಿರವಾಗಿ ಸಿಗುವುದು 2,500 ಮೆಗಾಬಿಟ್, ಅಂದರೆ ಸೆಕೆಂಡಿಗೆ 312 ಎಂಬಿ, ಮತ್ತು 12,000 ಐಒಪಿಎಸ್. ಪೂರ್ತಿ ವೇಗದ ಭರವಸೆ ದಿನಕ್ಕೆ ಒಮ್ಮೆ 30 ನಿಮಿಷ. ಇಲ್ಲಿಯೂ ಅದೇ ತೊಟ್ಟಿಯ ಕಥೆ. ನಮ್ಮ 250 ಎಂಐಬಿ ಅಂದರೆ 262 ಎಂಬಿ, 312ರೊಳಗೆ ಕೂರುತ್ತದೆ. ಇದೇ ಯಂತ್ರಕ್ಕೆ 500 ಎಂಐಬಿ ವಾಲ್ಯೂಮ್ ಸಿಕ್ಕಿಸಿದರೆ ಅರ್ಧ ಗಂಟೆಯ ಸುಖಕ್ಕೆ ತಿಂಗಳಿಡೀ ಬಾಡಿಗೆ. ಎರಡು ವಾಲ್ಯೂಮ್ ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ ರೇಡ್ ಮಾಡಿದರೂ ಪೈಪು ಅದೇ. ಎಂ6ಐ.ಎಕ್ಸ್‌ಲಾರ್ಜ್‌ಗೆ ಇಳಿದರೆ ಸ್ಥಿರ ವೇಗ 156 ಎಂಬಿ, 6,000 ಐಒಪಿಎಸ್. 4 ವಿಸಿಪಿಯುಗೆ ಶಿಫಾರಸು 120 ಎಂಬಿ ಇರುವುದರಿಂದ ಕಾಗದದ ಮೇಲೆ ಸರಿ, ಆದರೆ ಕಂಪ್ಯಾಕ್ಷನ್ ಮತ್ತು ಬ್ಯಾಕಪ್ ಒಟ್ಟಿಗೆ ಬಂದಾಗ ನಾಲ್ಕು ವಿಸಿಪಿಯುನಲ್ಲಿ ಗ್ರಾಹಕರಿಗೆ ಉಳಿಯುವುದು ಅಷ್ಟಕ್ಕಷ್ಟೇ.

ಮೆಮೊರಿಯ ಶಿಫಾರಸು ವಿಸಿಪಿಯುಗೆ 4 ಜಿಐಬಿ, ಅದು ಎಂ ಕುಟುಂಬದ ಅನುಪಾತ. ಸಿ ಕುಟುಂಬದಲ್ಲಿ 2 ಮಾತ್ರ. ದೊಡ್ಡ ಜಾಯಿನ್ (ಕೋಷ್ಟಕಗಳನ್ನು ಜೋಡಿಸುವ ಪ್ರಶ್ನೆ) ಒಂದು ಬಂದರೆ ಕರ್ನಲ್ ಪ್ರಕ್ರಿಯೆಯನ್ನೇ ಕೊಂದುಹಾಕುವ ಅಪಾಯ ಅಲ್ಲಿದೆ. ಆರ್ ಕುಟುಂಬದಲ್ಲಿ 8, ಓದು ವಿಪರೀತ ಇದ್ದರೆ ಅದು ಸರಿ. ಕಾಕ್ರೋಚ್‌ಡಿಬಿಯ ಪೂರ್ವನಿಗದಿತ ಕ್ಯಾಶ್ ತೀರಾ ಚಿಕ್ಕದು. ಕ್ಯಾಶ್‌ಗೆ 25 ಶೇಕಡಾ ಎಂದು ನಾವೇ ಹೇಳಬೇಕು, ಎಸ್‌ಕ್ಯೂಎಲ್ ಮೆಮೊರಿಗೆ 25 ಶೇಕಡಾ ಪೂರ್ವನಿಗದಿಯಲ್ಲೇ ಇದೆ. 32ರಲ್ಲಿ 8 ಮತ್ತು 8. ಉಳಿದ ಅರ್ಧ ಆಪರೇಟಿಂಗ್ ಸಿಸ್ಟಮ್‌ಗೆ, ಡೇಟಾಬೇಸನ್ನು ಬರೆದಿರುವ ಗೋ ಭಾಷೆಯ ಗಾರ್ಬೇಜ್‌ಗೆ (ಬಳಸಿಬಿಟ್ಟ ಮೆಮೊರಿ), ಅಂದಾಜು ಮೀರಿದ ಪ್ರಶ್ನೆಗಳಿಗೆ.

ಟಿ ಕುಟುಂಬದ ಅಗ್ಗದ ಯಂತ್ರಗಳು ಪರೀಕ್ಷೆಗೂ ಬೇಡ. ಟಿ3.2ಎಕ್ಸ್‌ಲಾರ್ಜ್‌ನ ಮೂಲ ಸಿಪಿಯು 40 ಶೇಕಡಾ. ಕ್ರೆಡಿಟ್ ಮುಗಿದರೆ ಒಂದೋ ವೇಗ ಅಲ್ಲಿಗೆ ಇಳಿಯುತ್ತದೆ, ಇಲ್ಲವೇ ಅನ್‌ಲಿಮಿಟೆಡ್ ಸ್ಥಿತಿಯಲ್ಲಿ ಬಿಲ್ ಏರುತ್ತದೆ. ವೇಗ ಇಳಿದ ನೋಡ್ ಹೃದಯಬಡಿತ (ಬದುಕಿದ್ದೇನೆ ಎಂಬ ಸಂದೇಶ) ಕಳಿಸುವುದು ತಡಮಾಡುತ್ತದೆ, ಅದರ ಲೀಸ್‌ಗಳು (ರೇಂಜಿನ ಓದು-ಬರಹ ನಡೆಸುವ ಹಕ್ಕು) ಪಕ್ಕದ ನೋಡ್‌ಗಳಿಗೆ ಹೋಗುತ್ತವೆ, ಆಗ ಅವುಗಳ ಕ್ರೆಡಿಟ್ ಕರಗತೊಡಗುತ್ತದೆ. ಎಡಬ್ಲ್ಯೂಎಸ್‌ನದೇ ಆರ್ಮ್ ಚಿಪ್ ಆದ ಗ್ರಾವಿಟನ್ ಬಗ್ಗೆ ಒಂದೇ ಮಾತು: ಇಂಟೆಲ್ ಎಂ6ಐನಲ್ಲಿ ವಿಸಿಪಿಯು ಅಂದರೆ ಅರ್ಧ ಕೋರಿನ ಹೈಪರ್‌ಥ್ರೆಡ್, ಗ್ರಾವಿಟನ್‌ನಲ್ಲಿ ಪೂರ್ತಿ ಕೋರ್. ನಿಮ್ಮ ಡೇಟಾಬೇಸ್ ಆವೃತ್ತಿ ಆರ್ಮ್‌ಗೆ ಅಧಿಕೃತ ಬೆಂಬಲ ಕೊಟ್ಟಿದ್ದರೆ ಅಳೆದು ನೋಡಲು ಯೋಗ್ಯ.

ಅಳತೆಗೆ ಎಫ್‌ಐಒ ಎಂಬ ಡಿಸ್ಕ್ ಪರೀಕ್ಷೆಯ ಸಾಧನ ಸಾಕು. ಚಿಕ್ಕ ಬ್ಲಾಕ್‌ಗಳ ಸಾಲು ಬರಹ, ಪ್ರತಿ ಬರಹದ ನಂತರ ಎಫ್‌ಡೇಟಾಸಿಂಕ್. ನೋಡಬೇಕಾದದ್ದು ಐಒಪಿಎಸ್ ಅಲ್ಲ, ಸಿಂಕ್‌ನ ಪಿ99. ರಾಫ್ಟ್ ಮೇಲೆಯೇ ನಿಂತಿರುವ ಇಟಿಸಿಡಿ ಎಂಬ ಇನ್ನೊಂದು ಡೇಟಾಬೇಸಿನವರು ಅದು 10 ಮಿಲಿಸೆಕೆಂಡಿಗಿಂತ ಕಡಿಮೆ ಇರಲಿ ಎನ್ನುತ್ತಾರೆ, ಇಲ್ಲಿಗೂ ಆ ಗೆರೆ ಸರಿಹೊಂದುತ್ತದೆ. ಆಮೇಲೆ 64 ಕೆಬಿ ಬ್ಲಾಕ್‌ಗಳ ಓದು-ಬರಹ ಬೆರಕೆ, ಕನಿಷ್ಠ ಎರಡು ಗಂಟೆ, ಯಾವ ತೊಟ್ಟಿ ಇದ್ದರೂ ಬರಿದಾಗುವಷ್ಟು ಹೊತ್ತು. ಮೂರನೆಯದಾಗಿ ಡೇಟಾಬೇಸಿನದೇ ಲೋಡ್, ಮೆಮೊರಿಗಿಂತ ಹಲವು ಪಟ್ಟು ದೊಡ್ಡ ದತ್ತಾಂಶದೊಂದಿಗೆ. 20 ಜಿಬಿ ದತ್ತಾಂಶ ಇಟ್ಟು 32 ಜಿಐಬಿ ಯಂತ್ರದಲ್ಲಿ ಪರೀಕ್ಷಿಸಿದರೆ ನೀವು ಅಳೆದದ್ದು ಮೆಮೊರಿಯನ್ನು. ಇನ್ನೊಂದು ಬಲೆ: ಸ್ನ್ಯಾಪ್‌ಶಾಟ್‌ನಿಂದ (ಡಿಸ್ಕಿನ ಒಂದು ಕ್ಷಣದ ನಕಲು) ಮಾಡಿದ ವಾಲ್ಯೂಮ್ ತನ್ನ ಬ್ಲಾಕ್‌ಗಳನ್ನು ಎಡಬ್ಲ್ಯೂಎಸ್‌ನ ಸಂಗ್ರಹ ಸೇವೆಯಾದ ಎಸ್3ಯಿಂದ ಮೊದಲ ಓದಿನಲ್ಲಷ್ಟೇ ಎಳೆದು ತರುತ್ತದೆ. ಇಡೀ ಡಿಸ್ಕನ್ನು ಒಮ್ಮೆ ಓದಿಸದೆ ಅಳೆದರೆ ಸಂಖ್ಯೆಗಳು ಭಯಾನಕವಾಗಿರುತ್ತವೆ. ಖಾಲಿಯಾಗಿ ಹುಟ್ಟಿಸಿದ ವಾಲ್ಯೂಮ್‌ಗೆ ಈ ತೊಂದರೆ ಇಲ್ಲ.

ಪರೀಕ್ಷೆ ನಡೆಯುವಾಗ ಕ್ಲೌಡ್‌ವಾಚ್ ಎಂಬ ನಿಗಾ ಸಾಧನದಲ್ಲಿ ಜಿಪಿ2ರ ಬರ್ಸ್ಟ್ ಬ್ಯಾಲೆನ್ಸ್ (ಉಳಿದ ಕ್ರೆಡಿಟ್) ನೋಡುವವರು ಹಲವರಿದ್ದಾರೆ. ಸರ್ವರಿನದೇ ಇಬಿಎಸ್ ಐಒ ಬ್ಯಾಲೆನ್ಸ್, ಇಬಿಎಸ್ ಬೈಟ್ ಬ್ಯಾಲೆನ್ಸ್ ಎಂಬ ಎರಡು ಶೇಕಡಾ ಗೆರೆಗಳೂ ಇವೆ, ಅವನ್ನು ನೋಡುವವರು ಕಡಿಮೆ. ವಾಲ್ಯೂಮ್ ಆರಾಮವಾಗಿದ್ದು ಲೇಟೆನ್ಸಿ ಏರಿದರೆ ಉತ್ತರ ಅಲ್ಲಿರುತ್ತದೆ. ಡೇಟಾಬೇಸಿನ ಕಡೆಯಿಂದ ರಾಫ್ಟ್ ಲಾಗ್ ಕಮಿಟ್ ಲೇಟೆನ್ಸಿ ಮತ್ತು ಎಲ್‌ಎಸ್‌ಎಂನ ಎಲ್0 ಉಪಹಂತಗಳು (ಮೇಲಿನ ಹಂತದಲ್ಲಿ ಕಂಪ್ಯಾಕ್ಷನ್‌ಗೆ ಕಾಯುವ ಪದರಗಳು). ಎರಡನೆಯದು ಹತ್ತು, ಇಪ್ಪತ್ತು ದಾಟಿ ಏರುತ್ತಲೇ ಇದ್ದರೆ ಕಂಪ್ಯಾಕ್ಷನ್‌ಗೆ ಡಿಸ್ಕ್ ಅಥವಾ ಸಿಪಿಯು ಸಾಲುತ್ತಿಲ್ಲ.

ಬಿಲ್ಲಿನಲ್ಲಿ ಮರೆತುಹೋಗುವ ಸಾಲು ಝೋನ್‌ಗಳ ನಡುವಿನ ಸಾಗಣೆ. ಜಿಬಿಗೆ ಹೋಗುವಾಗ 1 ಸೆಂಟ್, ಬರುವಾಗ 1 ಸೆಂಟ್. ಪ್ರತಿ ಬರಹವೂ ಬೇರೆ ಎರಡು ಝೋನಿಗೆ ಹೋಗುವುದರಿಂದ ಬರೆದ ಪ್ರತಿ ಜಿಬಿಗೆ 4 ಸೆಂಟ್, ಇಂಡೆಕ್ಸ್‌ಗಳ ಬರಹವೂ ಇದರಲ್ಲಿ ಸೇರುತ್ತದೆ. ಲೀಸ್‌ಗಳು ಮೂರು ಝೋನಿಗೆ ಸಮನಾಗಿ ಹಂಚಿದ್ದರೆ ಓದುಗಳಲ್ಲಿ ಮೂರನೇ ಎರಡು ಭಾಗ ಝೋನ್ ದಾಟುತ್ತವೆ. ಕೆಲವು ಸೆಕೆಂಡು ಹಳೆಯ ಮಾಹಿತಿ ನಡೆಯುವ ಕಡೆ ಫಾಲೋವರ್ ರೀಡ್ (ಹತ್ತಿರದ ಹಿಂಬಾಲಕ ಪ್ರತಿಯಿಂದಲೇ ಓದುವುದು) ಬಳಸಿದರೆ ಇದು ಇಳಿಯುತ್ತದೆ. ಆ್ಯಪ್ ಒಂದು ಖಾತೆಯಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದರೆ ‘1ಎ’ ಎಂಬ ಝೋನ್ ಹೆಸರನ್ನು ನಂಬಬೇಡಿ. ಒಂದು ಖಾತೆಯ 1ಎ ಇನ್ನೊಂದರ 1ಬಿ ಆಗಿರಬಹುದು. ಖಾತೆಗಳ ನಡುವೆ ಬದಲಾಗದ್ದು ಝೋನ್ ಐಡಿ ಮಾತ್ರ. ಒಂದೇ ಝೋನಿನ ಎರಡು ನೋಡ್‌ಗಳು ಒಂದೇ ರ‍್ಯಾಕ್‌ನಲ್ಲಿ ಕೂರದಂತೆ ಸ್ಪ್ರೆಡ್ ಪ್ಲೇಸ್‌ಮೆಂಟ್ ಗ್ರೂಪ್ ಹಾಕಬೇಕು, ಝೋನಿಗೆ ಏಳು ಯಂತ್ರದವರೆಗೆ ಅದು ಸಾಲುತ್ತದೆ. ಆರಿಸಿದ ಮಾದರಿ ಮೂರೂ ಝೋನಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಗಡಿಯಾರಕ್ಕೆ ಅಮೆಜಾನ್‌ನ ಸಮಯ ಸೇವೆ, ವಿಳಾಸ 169.254.169.123, ಎಲ್ಲ ನೋಡ್‌ಗಳಿಗೂ ಅದೊಂದೇ. ನೋಡ್‌ಗಳ ಗಡಿಯಾರಗಳ ನಡುವಿನ ಅಂತರಕ್ಕೆ ಪೂರ್ವನಿಗದಿತ ಮಿತಿ 500 ಮಿಲಿಸೆಕೆಂಡ್, ಅದರ 80 ಶೇಕಡಾ ದಾಟಿದ ನೋಡ್ ತಾನಾಗಿಯೇ ನಿಲ್ಲುತ್ತದೆ. ಇಬಿಎಸ್ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದುಕೊಳ್ಳಬಾರದು. ಆರು ಡಿಸ್ಕುಗಳ ಚಿತ್ರ ಆರು ಬೇರೆ ಕ್ಷಣಗಳದ್ದು, ಜೋಡಿಸಿದರೆ ಒಂದಕ್ಕೊಂದು ಹೊಂದುವುದಿಲ್ಲ. ಡೇಟಾಬೇಸಿನದೇ ಬ್ಯಾಕಪ್ ಎಸ್3ಗೆ ಹೋಗಬೇಕು.

ಕೊನೆಗೆ ಡಿಸ್ಕನ್ನು ಜೋಡಿಸುವ ಹಂತ, ಎಲ್ಲ ಲೆಕ್ಕವನ್ನೂ ಹಾಳುಮಾಡಬಲ್ಲ ಜಾಗ ಇದು. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4. ಇಬಿಎಸ್ ಡಿಸ್ಕುಗಳೂ ಯಂತ್ರಕ್ಕೆ ಎನ್‌ವಿಎಂಇ ಸಾಧನಗಳಾಗಿಯೇ ಕಾಣುತ್ತವೆ, ಅವುಗಳ ಕ್ರಮಸಂಖ್ಯೆ ರೀಬೂಟ್ ಆದಾಗ ಅದಲುಬದಲಾಗಬಹುದು, ಆದ್ದರಿಂದ ಎಫ್‌ಸ್ಟ್ಯಾಬ್‌ನಲ್ಲಿ (ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಯುಯುಐಡಿ (ಡಿಸ್ಕಿನ ಬದಲಾಗದ ಗುರುತು) ಬರೆಯಬೇಕು. ಡಿಸ್ಕ್ ಇಲ್ಲದಿದ್ದರೂ ಯಂತ್ರ ಏಳಲಿ ಎಂದು ‘ನೋಫೇಲ್’ ಹಾಕುವುದು ವಾಡಿಕೆ. ಅಷ್ಟಕ್ಕೇ ಬಿಟ್ಟರೆ ಏನಾಗುತ್ತದೆ ನೋಡಿ: ಮೌಂಟ್ ಆಗದ, ಅಂದರೆ ಡಿಸ್ಕ್ ಜೋಡಣೆಯಾಗದ, ದಿನ ಡೇಟಾಬೇಸ್ ಖಾಲಿ ಫೋಲ್ಡರ್ ಕಂಡು, ತಾನು ಹೊಸ ನೋಡ್ ಎಂದು ಕ್ಲಸ್ಟರ್‌ಗೆ ಸೇರಿಕೊಂಡು, ಪುಟ್ಟ ರೂಟ್ ಡಿಸ್ಕಿಗೆ ರೇಂಜುಗಳನ್ನು ಎಳೆದುಕೊಳ್ಳತೊಡಗುತ್ತದೆ. ರೂಟ್ ಡಿಸ್ಕ್ ತುಂಬುವವರೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಏಳನೆಯ ನೋಡ್ ಹಸಿರಾಗಿಯೇ ಕಾಣುತ್ತಿರುತ್ತದೆ. ಇದನ್ನು ತಡೆಯಲು ಯಂತ್ರದ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿಯ ಸೇವೆಯಲ್ಲಿ ಆ ಮೌಂಟ್ ಕಡ್ಡಾಯ ಎಂದು ಒಂದು ಸಾಲು ಬರೆಯಬೇಕು, ಮೌಂಟ್ ಆಗದ ಖಾಲಿ ಫೋಲ್ಡರಿಗೆ ಡೇಟಾಬೇಸ್ ಬಳಕೆದಾರನ ಬರೆಯುವ ಹಕ್ಕನ್ನು ತೆಗೆದಿಡಬೇಕು. ಆಮೇಲೆ ಒಂದು ನೋಡಿನ ವಾಲ್ಯೂಮನ್ನು ಬೇಕೆಂದೇ ಕಳಚಿ ರೀಬೂಟ್ ಮಾಡಿ, ಸೇವೆ ಏಳದೆ ಸುಮ್ಮನಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಿಜವಾದ ದತ್ತಾಂಶವನ್ನು ಒಳಗೆ ಬಿಡಬೇಕು.